ಯಾರನ್ನೂ ಕರೆಯದ ಮನೆ

ನಮ್ಮ ಗುಡ್ಡದಲ್ಲಿ ಅವನನ್ನು ಒಂಟಿಸಲಗ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ಭಾರೀ ಆಳು ಎಂದುಕೊಳ್ಳಬೇಡಿ. ನನ್ನ ಭುಜದವರೆಗೆ ಬರುತ್ತಿದ್ದ, ಜೋರಾಗಿ ಗಾಳಿ ಬೀಸಿದರೆ ಹಾರಿಹೋದಾನು ಎನ್ನುವಂಥ ಮೈ. ಹೆಸರಿಟ್ಟವಳು ನಾನೇ. ನನ್ನ ಬಾಯಿಗೆ ಬೀಗವಿಲ್ಲ ಎಂದು ನಮ್ಮತ್ತೆ ಕೊನೆಯುಸಿರಿನವರೆಗೂ ಹೇಳಿದರು. ಅವರು ಹೇಳಿದ ಎಷ್ಟೋ ಮಾತನ್ನು ನಾನು ಒಪ್ಪಿದ್ದಿಲ್ಲ, ಇದೊಂದನ್ನು ಒಪ್ಪುತ್ತೇನೆ.

ಗುಡ್ಡದ ಮೇಲೆ ಒಂಬತ್ತು ಮನೆ. ಬೀದಿ ಎಂಬುದಿಲ್ಲ, ಒಂದೊಂದು ಮನೆಯೂ ಅದರದರ ಹೊಲದ ನಡುವೆ. ಮಧ್ಯೆ ಹಳ್ಳ, ಕಲ್ಲುಬೇಲಿ. ಕೂಗಿದರೆ ಗಾಳಿ ಆ ಮಾತನ್ನು ಎತ್ತಿಕೊಂಡು ಇನ್ನೆಲ್ಲಿಗೋ ಹೋಗುತ್ತದೆ. ಅದಕ್ಕೇ ಹಿಂದಿನವರು ಒಂದು ಏರ್ಪಾಡು ಮಾಡಿಟ್ಟಿದ್ದರು. ಪ್ರತಿ ಮನೆಯ ಹಿಂದೆ ಒಂದು ಉದ್ದನೆಯ ಗಳ ನೆಟ್ಟಿರುತ್ತದೆ. ಕೊಯ್ಲಿಗೆ ಕೈ ಸಾಲದು, ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಯಾರಿಗೋ ಜೀವಕ್ಕೇ ಬಂದಿದೆ, ಏನೇ ಆಗಲಿ, ಆ ಗಳದ ತುದಿಗೆ ಒಂದು ಬಟ್ಟೆ ಏರಿಸಿದರೆ ಸಾಕು. ಕಂಡವರು ಕೈಯಲ್ಲಿದ್ದದ್ದನ್ನು ಬಿಟ್ಟು ಬರಬೇಕು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಇದಕ್ಕೆ ಮುಯ್ಯಿ ಎನ್ನುತ್ತೇವೆ. ಮುಯ್ಯಿ ಇಲ್ಲದೆ ಈ ಗುಡ್ಡದಲ್ಲಿ ಒಂದು ಬೆಳೆಯನ್ನೂ ಯಾರೂ ಮನೆಗೆ ತಂದಿದ್ದಿಲ್ಲ.

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಅನ್ನುತ್ತಾರಲ್ಲ, ಇವನು ಹಾಗೆ. ನಮ್ಮ ಹೊಲದ ಆಚೆಗಿನ ಹಳ್ಳ ದಾಟಿದರೆ ಯಾರಿಗೂ ಬೇಡದ ಒಂದು ಕಲ್ಲುದಿಬ್ಬವಿತ್ತು. ಹತ್ತು ವರ್ಷ ಕೆಳಗಿನ ಹೊಲಗಳಲ್ಲಿ ಆಳಾಗಿ ದುಡಿದು ಆ ದಿಬ್ಬವನ್ನು ತನ್ನದು ಮಾಡಿಕೊಂಡು ಬಂದ. ಜೊತೆಗೆ ಒಂದು ಎತ್ತು, ಒಂದು ಹಾರೆ, ಒಂದು ಗುದ್ದಲಿ. ಹೊಲದಿಂದ ಕಿತ್ತ ಕಲ್ಲಿನಿಂದಲೇ ಮನೆಯ ಗೋಡೆ ಎತ್ತಿದ. ಮಾಡಿನ ತೊಲೆ ಏರಿಸುವ ದಿನ ಬಂದಾಗ ನಾವೆಲ್ಲ ಈಗ ಕರೆಯುತ್ತಾನೆ, ಆಗ ಕರೆಯುತ್ತಾನೆ ಎಂದು ಕಾದೆವು. ಆರು ಜನ ಹೊರುವ ತೊಲೆ ಅದು. ಅವನು ಮಾಡಿದ್ದೇನು ಗೊತ್ತೇ? ತೊಲೆಯ ಒಂದು ತುದಿಯನ್ನು ಹಾರೆಯಿಂದ ಮೀಟಿ ಕೆಳಗೊಂದು ಚಪ್ಪಡಿ ಸೇರಿಸಿದ. ಇನ್ನೊಂದು ತುದಿಗೆ ಹೋಗಿ ಅಲ್ಲೊಂದು ಚಪ್ಪಡಿ. ಮತ್ತೆ ಈ ತುದಿ, ಮತ್ತೆ ಆ ತುದಿ. ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ತೊಲೆ ಗೋಡೆಯ ಮೇಲೆ ಕೂತಿತ್ತು. ನಮ್ಮ ಕಣದಿಂದ ಅವನ ಮನೆ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ದಿನಾ ನೋಡಿ ನಗುತ್ತಿದ್ದೆವು. ನಿಜ ಹೇಳಬೇಕೆಂದರೆ, ನಗುವಿನ ಒಳಗೆ ಉರಿಯೂ ಇತ್ತು. ನಮ್ಮನ್ನು ಬೇಡ ಎನ್ನುವವನ ಮೇಲೆ ಯಾರಿಗೆ ತಾನೇ ಉರಿಯುವುದಿಲ್ಲ?

ಮನೆಯ ಹಿಂದೆ ಗಳ ಮಾತ್ರ ನೆಡಲಿಲ್ಲ. ನಮ್ಮ ಯಜಮಾನರು ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿದರು. ನನಗೆ ಬೇಕಾಗುವುದಿಲ್ಲ ಎಂದನಂತೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊದಲನೆಯ ವರ್ಷವೇ ಒಂದು ಸಂಗತಿ ನಡೆಯಿತು. ಅವನು ಹುಲ್ಲು ಕೊಯ್ದು ಹೊಲದ ತುಂಬ ಹಾಸಿದ್ದ, ಪಡುವಣದಲ್ಲಿ ಮೋಡ ಕಟ್ಟಿತು. ನನಗೆ ಕರುಳು ಚುರುಕ್ ಎಂದಿತು. ನಮ್ಮವರನ್ನು, ಮೈದುನನನ್ನು, ಮೇಲಿನ ಮನೆಯ ಇಬ್ಬರನ್ನು ಎಬ್ಬಿಸಿಕೊಂಡು ಕೊಕ್ಕೆಗೋಲು ಹಿಡಿದು ಓಡಿದೆ. ಅವನು ಬೇಲಿಯ ಕಂಡಿಯಲ್ಲಿ ಅಡ್ಡ ನಿಂತ.

"ಯಾರು ಕರೆದದ್ದು?" ಎಂದ.

ಅಷ್ಟೇ ಮಾತು. ಬೈಯಲಿಲ್ಲ, ಕೂಗಲಿಲ್ಲ. ನಾವು ಐದು ಜನ ಮುಖ ಮುಖ ನೋಡಿಕೊಂಡು ವಾಪಸು ಬಂದೆವು. ಅವನ ಹುಲ್ಲು ಅರ್ಧ ಕೊಳೆಯಿತು. ಇನ್ನು ಆ ಬೇಲಿ ದಾಟಿದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಅವತ್ತೇ ಅವನಿಗೆ ಒಂಟಿಸಲಗ ಎಂದು ಹೆಸರಿಟ್ಟದ್ದು.

ಆದರೂ ಅವನ ದುಡಿಮೆಗೆ ಕಣ್ಣು ಮುಚ್ಚಿಕೊಳ್ಳಲಾಗುತ್ತಿರಲಿಲ್ಲ. ದಿಬ್ಬದ ದೊಡ್ಡ ಶತ್ರು ಗಾಳಿ. ಒಣಗಾಲದಲ್ಲಿ ಮೇಲ್ಮಣ್ಣನ್ನು ಬಾಚಿಕೊಂಡು ಹೋಗುತ್ತದೆ. ಅದಕ್ಕೆ ಅಡ್ಡವಾಗಿ, ನಮ್ಮ ಕಡೆಯ ಅಂಚಿನಲ್ಲಿ ಇಪ್ಪತ್ತೆರಡು ಸಸಿ ನೆಟ್ಟ. ಹಳ್ಳದಿಂದ ಹೆಗಲ ಮೇಲಿನ ಅಡ್ಡೆಯಲ್ಲಿ ಎರಡೆರಡು ಕೊಡ ನೀರು ಹೊತ್ತು ಒಂದೊಂದಕ್ಕೂ ಎರೆದ. ಮೂರು ಬೇಸಗೆ ಎರೆದ. ಒಂದೂ ಸಾಯಲಿಲ್ಲ. ಅವು ಆಳೆತ್ತರ ಬಂದ ಮೇಲೆ ಮಣ್ಣು ನಿಂತಿತು, ಮಣ್ಣಿನ ಬಣ್ಣ ಕಪ್ಪಾಯಿತು. ಕಲ್ಲುದಿಬ್ಬದಲ್ಲಿ ನಮ್ಮ ಹೊಲದಲ್ಲಿ ಬಂದಷ್ಟೇ ತೆನೆ ಬಂತು. ನಮ್ಮ ಮೈದುನ ಹೊಟ್ಟೆಯುರಿದುಕೊಂಡು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಐದನೆಯ ವರ್ಷ ಮದುವೆಯಾಗಿ ಬಂದ. ಹೆಂಡತಿ ಕೆಳಗಿನ ಬಯಲಿನವಳು, ಹತ್ತು ಜನರ ನಡುವೆ ಬೆಳೆದವಳು. ಅಯ್ಯೋ, ಏನು ಮಾತು ಅವಳದ್ದು! ಅವನು ಆಡದೆ ಉಳಿಸಿದ್ದನ್ನೆಲ್ಲ ಇವಳೇ ಆಡಿ ಮುಗಿಸುತ್ತಿದ್ದಳು. ಅವನು ಅತ್ತ ಹೊಲಕ್ಕೆ ಹೋದರೆ ಇತ್ತ ಕಲ್ಲುಬೇಲಿಯ ಹತ್ತಿರ ಬಂದು "ಅಕ್ಕಾ" ಎನ್ನುವಳು. ಬೇಲಿ ದಾಟಬಾರದು ಎಂದು ಅವನು ಹೇಳಿದ್ದ, ಮಾತಾಡಬಾರದು ಎಂದು ಹೇಳಿರಲಿಲ್ಲವಂತೆ. ಹಾಗಾಗಿ ಬೇಲಿಯ ಆಚೆ ಅವಳು, ಈಚೆ ನಾನು. ಗಂಡನ ಕಥೆಯನ್ನು ನನಗೆ ಹೇಳಿದವಳು ಅವಳೇ. ಹೆತ್ತವರು ಹೋದ ಮೇಲೆ ಅವನು ಚಿಕ್ಕಪ್ಪನ ಮನೆಯಲ್ಲಿ ಬೆಳೆದನಂತೆ. ತಟ್ಟೆ ಇಡುವಾಗಲೆಲ್ಲ ಚಿಕ್ಕಮ್ಮ ಒಂದು ಮಾತು ಸೇರಿಸಿಯೇ ಇಡುತ್ತಿದ್ದರಂತೆ. ಜ್ವರ ಬಂದು ಮಲಗಿದಾಗ ಕಷಾಯ ಕೊಟ್ಟದ್ದನ್ನು ಆರು ವರ್ಷ ನೆನಪಿಸಿದರಂತೆ. ಆ ಮನೆಯಿಂದ ಹೊರಬಿದ್ದ ದಿನ, ಇನ್ನು ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂದುಕೊಂಡನಂತೆ. ಕೇಳಿ ನನಗೂ ಪಾಪ ಅನ್ನಿಸಿತು. ಆದರೆ "ಯಾರು ಕರೆದದ್ದು" ಎಂಬ ಮಾತು ಗಂಟಲಿನಲ್ಲಿ ಮುಳ್ಳಾಗಿ ಹಾಗೇ ಇತ್ತು.

ಆರು ವರ್ಷ ಮಕ್ಕಳಾಗಲಿಲ್ಲ. ಏಳನೆಯ ವರ್ಷ ಅವಳು ಬೇಲಿಯ ಹತ್ತಿರ ಬಂದು ಏನೂ ಹೇಳದೆ ನಕ್ಕಳು. ನನಗೆ ಗೊತ್ತಾಯಿತು. ಈ ಗುಡ್ಡದಲ್ಲಿ ಹೆರಿಗೆ ಎಂದರೆ ನನ್ನನ್ನೇ ಕರೆಯುವುದು. ಅಷ್ಟು ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು ನನ್ನ ಕೈಗೆ ಬಿದ್ದಿದ್ದವು. ಹೆರಿಗೆಯ ಹೊತ್ತಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಗಂಡನೇ ನೋಡಿಕೊಳ್ಳುತ್ತಾನಂತೆ ಎಂದಳು. ಎಷ್ಟೋ ಕರು ಎಳೆದಿದ್ದೇನೆ, ಇದೇನು ದೊಡ್ಡ ವಿಷಯ ಎಂದನಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಎಂದರೆ ಹಸು ಎಂದುಕೊಂಡಿದ್ದಾನಾ ಅವನು ಎಂದು ಬೇಲಿಯ ಮೇಲೆಯೇ ಎಗರಾಡಿದೆ. ಮೊದಲ ಹೆರಿಗೆ, ವಯಸ್ಸು ಬೇರೆ ಸ್ವಲ್ಪ ಮೀರಿದೆ. ಜೊತೆಗೆ ಗೊತ್ತಿದ್ದವರಿಲ್ಲದಿದ್ದರೆ ತಾಯಿ ಮಗು ಎರಡೂ ಕೈತಪ್ಪಬಹುದು. ಅದನ್ನು ಅವಳಿಗೆ ನೇರವಾಗಿ ಹೇಳಲಿಲ್ಲ, ಆದರೆ ಅವಳು ನನ್ನ ಮುಖ ನೋಡಿ ತಿಳಿದುಕೊಂಡಳು.

"ಅವರು ಕರೆಯಲ್ಲ ಅಕ್ಕ," ಎಂದಳು. "ನಾನು ಕರೆದ್ರೆ ಬರ್ತೀರಾ?"

"ನೀನು ಕರೆದು ನೋಡು. ನಿನ್ನ ಗಂಡ ಬೇಲೀಲಿ ಅಡ್ಡ ಮಲಗಿದ್ರೂ ದಾಟಿಕೊಂಡು ಬರ್ತೀನಿ," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮಾತು ಆಡಿದವಳು ನಾನು. ನನ್ನ ಬಾಯಿಂದಲೇ ಬಂದದ್ದು.

ನನ್ನ ಲೆಕ್ಕದಲ್ಲಿ ಇನ್ನೂ ಮೂರು ವಾರವಿತ್ತು. ಅವನ ಲೆಕ್ಕದಲ್ಲೂ ಅಷ್ಟೇ ಇದ್ದಿರಬೇಕು, ಯಾಕೆಂದರೆ ಅವತ್ತು ಬೆಳಗಿನ ಜಾವ ಅವನು ಕೆಳಗಿನ ಸಂತೆಗೆ ಹೊರಟ. ಹಾಲು ಕೊಡುವ ಹಸು ತರಲು. ಹೆಂಡತಿಗೆ ಹಾಲು ಸಾಲದೆ ಹೋದರೆ ಮಗುವಿಗಾಗಿ ಯಾರ ಬಾಗಿಲಲ್ಲೂ ಲೋಟ ಹಿಡಿದು ನಿಲ್ಲಬಾರದಲ್ಲ, ಅದಕ್ಕೆ. ಹೋಗಿ ಬರಲು ಇಡೀ ದಿನ ಬೇಕು. ಹಿಂದಿನ ದಿನವೇ ಅವಳು ನನಗೆ ಇದನ್ನೆಲ್ಲ ಹೇಳಿದ್ದಳು. ಹಸು ಬಂದ ಮೇಲೆ ಅದಕ್ಕೇನು ಹೆಸರಿಡುವುದು ಎಂದು ಬಹಳ ಹೊತ್ತು ಮಾತಾಡಿದ್ದೆವು.

ಅವತ್ತು ನಮ್ಮ ಕಣದಲ್ಲಿ ಒಕ್ಕಣೆ. ನಮ್ಮ ಗಳದ ಮೇಲೆ ಬಿಳಿ ಬಟ್ಟೆ ಹಾರುತ್ತಿತ್ತು. ಎಂಟು ಮನೆಯವರು ಸೇರಿ ಹದಿನಾಲ್ಕು ಜನ ಕಣದಲ್ಲಿದ್ದೆವು. ಕೆಲಸ, ನಗು, ಒಬ್ಬರ ಕಾಲು ಒಬ್ಬರು ಎಳೆಯುವುದು. ನೆತ್ತಿಯ ಮೇಲೆ ಬಿಸಿಲು ಬಂದಾಗ ನಾನು ಬೆವರು ಒರೆಸಿಕೊಳ್ಳಲು ತಲೆ ಎತ್ತಿದೆ. ಮೊದಲು ಕಂಡದ್ದು ನನಗೇ. ಸಲಗನ ಮನೆಯ ಮಾಡಿಗೆ ಏಣಿ ಒರಗಿಸಿತ್ತು. ಏಣಿಯ ಮೇಲಿನ ಮೆಟ್ಟಿಲಿಗೆ ಕೆಂಪು ಪಟ್ಟೆಯ ಒಂದು ಕಂಬಳಿ ಕಟ್ಟಿತ್ತು. ಸಸಿಗಳೇನೋ ಬೆಳೆದು ಸಾಲಾಗಿ ನಿಂತಿದ್ದವು, ಆದರೆ ಏಣಿಯ ತುದಿ ಅವುಗಳ ಮೇಲೆ ಇನ್ನೂ ಒಂದು ಆಳಿನಷ್ಟು ಎತ್ತರದಲ್ಲಿತ್ತು. ಕಂಬಳಿ ಗಾಳಿಗೆ ಪಟಪಟ ಬಡಿಯುತ್ತಿತ್ತು.

ಸಲಗ ಬಾವುಟ ಏರಿಸಿದ್ದಾನೆ ನೋಡಿ ಎಂದು ನಾನೇ ಎಲ್ಲರಿಗೂ ತೋರಿಸಿದೆ. ಹದಿನಾಲ್ಕು ಜನವೂ ನೋಡಿದರು. ಹದಿನಾಲ್ಕು ಜನವೂ ನಕ್ಕರು. ಇನ್ನು ಗುಡ್ಡಕ್ಕೆ ಅವನೇ ರಾಜ ಎಂದ ಒಬ್ಬ. ಕಪ್ಪಕಾಣಿಕೆ ಕಟ್ಟಿ ಬರೋಣವೇ ಎಂದ ಇನ್ನೊಬ್ಬ. ನಮ್ಮ ಮೈದುನ ಮಾತ್ರ ನಗು ನಿಲ್ಲಿಸಿ, ಒಂದು ಹೆಜ್ಜೆ ಹೋಗಿ ನೋಡಿ ಬರಲೇ ಅತ್ತಿಗೆ ಎಂದು ಕೇಳಿದ.

"ಅದು ಕರೆಯೋ ಮನೆಯೇನೋ?" ಎಂದೆ. "ಕಂಬಳಿ ಒಗೆದು ಒಣಗ್ಹಾಕಿದ್ದಾಳೆ ಅಷ್ಟೇ. ಹೋಗಿ ಅವನ ಕೈಲಿ ಇನ್ನೊಂದ್ಸಲ ಅನ್ನಿಸ್ಕೊಂಡು ಬರಬೇಕಾ?"

ಯಾವ ಮನೆಯ ಗಳದ ಮೇಲೆ ಬಟ್ಟೆ ಕಂಡರೂ ಓಡುವ ಜನ ನಾವು. ಆ ಮನೆಯಲ್ಲಿ ಗಳವೇ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅಲ್ಲಿಂದ ಕರೆ ಬಂದಿರಲಿಲ್ಲ. ಹಾಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಅವಳು ಕರೆದರೆ ಬರುತ್ತೇನೆ ಎಂದಿದ್ದೆನಲ್ಲ? ಆ ಹೊತ್ತಿಗೆ ಅದೂ ನೆನಪಾಗಲಿಲ್ಲ, ಅವನು ಸಂತೆಗೆ ಹೋಗಿದ್ದಾನೆ ಎಂಬುದೂ ನೆನಪಾಗಲಿಲ್ಲ. ಅವನ ಮೇಲಿನ ಸಿಟ್ಟು ಮಾತ್ರ ನೆನಪಿತ್ತು. ಮೈದುನ ಮತ್ತೆ ಕೆಲಸಕ್ಕೆ ಬಗ್ಗಿದ.

ಹೊತ್ತು ಇಳಿಯುವಾಗ ಇದ್ದಕ್ಕಿದ್ದಂತೆ ಮಳೆ ಬಂತು. ಕಾಳಿನ ರಾಶಿಗೆ ಚಾಪೆ ಮುಚ್ಚು, ಚೀಲ ಒಳಗೆ ಹಾಕು ಎಂದು ಎಲ್ಲರೂ ದಡಬಡ ಓಡಾಡಿದೆವು. ನಾನು ಅಂಗಳದ ಹಗ್ಗದಿಂದ ನಮ್ಮ ಮನೆಯ ಬಟ್ಟೆ ಎಳೆದುಕೊಳ್ಳುತ್ತಾ ಆ ಕಡೆ ನೋಡಿದೆ. ಏಣಿಯ ಮೇಲೆ ಕಂಬಳಿ ನೆನೆಯುತ್ತಿತ್ತು. ಯಾರೂ ತೆಗೆಯುತ್ತಿರಲಿಲ್ಲ. ಯಾವ ಹೆಂಗಸು ತಾನೇ ಒಗೆದ ಕಂಬಳಿಯನ್ನು ಮಳೆಗೆ ಬಿಡುತ್ತಾಳೆ? ಬಟ್ಟೆಯನ್ನೆಲ್ಲ ಕೆಸರಿಗೆ ಬಿಟ್ಟು ಓಡಿದೆ. ಹಳ್ಳದಲ್ಲಿ ಎರಡು ಸಲ ಬಿದ್ದೆ.

ಅದೇ ಮೊದಲು ನಾನು ಆ ಮನೆಯ ಒಳಗೆ ಕಾಲಿಟ್ಟದ್ದು. ಎರಡು ಕೋಣೆ. ಹೊರಗಿನದರಲ್ಲಿ ಒಲೆ, ಒಲೆಯ ಮೇಲೆ ಕಾಯಿಸಿ ಆರಿಹೋದ ನೀರು. ಗೋಡೆಗೆ ಹೊಡೆದ ಗೂಟದಲ್ಲಿ ಅವನ ಹಳೆಯ ಅಂಗಿ. ಒಳಗಿನ ಕೋಣೆಯಲ್ಲಿ ಮಡಿಸಿದ ಹರಕು ಬಟ್ಟೆ, ದಾರದ ಉಂಡೆ, ತೊಳೆದಿಟ್ಟ ಚಾಕು. ಎಲ್ಲವನ್ನೂ ಒಬ್ಬಳೇ ಜೋಡಿಸಿಟ್ಟುಕೊಂಡಿದ್ದಳು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಳು. ತುಟಿ ಕಚ್ಚಿ ಕಚ್ಚಿ ಊದಿತ್ತು. ಅಂಥ ನೋವಿನಲ್ಲಿ ಆ ಏಣಿಯನ್ನು ಹೇಗೆ ಎಳೆದು ತಂದಳೋ, ಹೇಗೆ ಹತ್ತಿ ಕಟ್ಟಿದಳೋ.

ಮಗು ಬಂತು. ಹೆಣ್ಣು. ಮೊದಲು ಅಳಲಿಲ್ಲ. ಬೆನ್ನು ತಟ್ಟಿ, ಬಾಯಿ ಒರೆಸಿ, ಕಾಲು ಹಿಡಿದು ಏನೇನೋ ಮಾಡಿದ ಮೇಲೆ ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ, ಗೊತ್ತಿಲ್ಲದ್ದನ್ನೂ ಮಾಡಿದೆ. ಮಧ್ಯಾಹ್ನವೇ ಬಂದಿದ್ದರೆ ಉಳಿಯುತ್ತಿದ್ದಳು. ಇದನ್ನು ಊಹಿಸಿ ಹೇಳುತ್ತಿಲ್ಲ. ಅಂಥದೇ ಎರಡು ಹೆರಿಗೆಯಲ್ಲಿ ತಾಯಂದಿರನ್ನು ಉಳಿಸಿದ ಕೈ ಇದು.

ಮಗುವನ್ನು ಎದೆಯ ಹತ್ತಿರ ಮಲಗಿಸಿದೆ. ಅವಳು ಅದರ ತಲೆ ಸವರಿ ನನ್ನ ಕಡೆ ತಿರುಗಿದಳು.

"ಕಂಬಳಿ ಕಟ್ಟಿದ್ದೆ ಅಕ್ಕ," ಎಂದಳು. "ಕಾಣ್ಲಿಲ್ವಾ?"

"ಕಾಣ್ಲಿಲ್ಲ ಕಣೇ," ಎಂದೆ. "ಮರ ಅಡ್ಡ ಇತ್ತು."

"ಹಾಗಾ," ಎಂದಳು. "ಕಂಡಿದ್ರೆ ಬರ್ತಿದ್ರಿ ಅಂತ ನಂಗೊತ್ತಿತ್ತು."

ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವನು ನಿಂತಿದ್ದ. ಮೈಯಿಂದ ನೀರು ಇಳಿಯುತ್ತಿತ್ತು, ಕೈಯಲ್ಲಿ ಹಸುವಿನ ಹಗ್ಗ ಇನ್ನೂ ಹಾಗೇ ಇತ್ತು. ಹಸು ತಲೆಯನ್ನು ಒಳಗೆ ಹಾಕಿ ನೋಡುತ್ತಿತ್ತು. ನನ್ನ ಮಾತು ಅವನ ಕಿವಿಗೆ ಬಿದ್ದಿತ್ತು. ಯಾರು ಕರೆದದ್ದು ಎಂದು ಅವತ್ತು ಕೇಳಲಿಲ್ಲ. ಬಂದು ಅವಳ ಪಾದದ ಹತ್ತಿರ ಕೂತ. ಕತ್ತಲಾಗುವ ಮೊದಲೇ ಅವಳು ಹೋದಳು.

ಮಾರನೆಯ ದಿನ ಗುಡ್ಡದವರೆಲ್ಲ ಕರೆಯದೆಯೇ ಹೋದೆವು. ಅವನು ತಡೆಯಲಿಲ್ಲ. ಗುಂಡಿ ತೋಡುವಾಗ ಮಾತ್ರ ಗುದ್ದಲಿಯನ್ನು ಯಾರ ಕೈಗೂ ಕೊಡಲಿಲ್ಲ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಕೊಡಲಿಯ ಸದ್ದು ಕೇಳಿ ಹೊರಗೆ ಬಂದೆ. ಸಲಗ ತನ್ನ ಮರಗಳನ್ನು ಕಡಿಯುತ್ತಿದ್ದ. ಮೂರು ಬೇಸಗೆ ನೀರು ಹೊತ್ತು ಬೆಳೆಸಿದ ಇಪ್ಪತ್ತೆರಡು ಮರ. ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ನೆರಳಲ್ಲಿ ಇಟ್ಟಿದ್ದ. ಒಂದು ಮರ ಉರುಳಿದ ಮೇಲೆ ಬುಟ್ಟಿಯನ್ನು ಮುಂದಿನ ಮರದ ನೆರಳಿಗೆ ಸರಿಸುತ್ತಿದ್ದ. ನಾನು ಬೇಲಿಯ ತನಕ ಹೋದೆ. ಇಷ್ಟು ದೊಡ್ಡ ಬಾಯಿಯವಳು, ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಮುಚ್ಚಿದೆ. ಮರ ಅಡ್ಡ ಇರಲಿಲ್ಲ ಕಣಪ್ಪ, ಚೆನ್ನಾಗಿ ಕಂಡಿತ್ತು, ನಕ್ಕೆವು, ಬರಲಿಲ್ಲ ಎಂದು ಹೇಳಲು ಎದೆ ಬೇಕಲ್ಲ? ನನಗೆ ಇರಲಿಲ್ಲ. ನಾಲ್ಕು ದಿನದಲ್ಲಿ ಸಾಲು ಬಯಲಾಯಿತು.

ನನ್ನ ಸುಳ್ಳು ನನ್ನೊಬ್ಬಳಿಗೇ ಅಲ್ಲ, ಎಲ್ಲರಿಗೂ ಉಪಯೋಗಕ್ಕೆ ಬಂತು. ಪಾಪ, ಮರ ಅಡ್ಡ ಬಂತು ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಎರಡು ವರ್ಷವಾಗುವಷ್ಟರಲ್ಲಿ ನಮ್ಮ ಮೈದುನ ಕಂಬಳಿಯನ್ನು ನೋಡಿಯೇ ಇಲ್ಲ ಎಂದು ಆಣೆ ಮಾಡುವ ಮಟ್ಟಕ್ಕೆ ಬಂದಿದ್ದ. ನಮ್ಮ ಯಜಮಾನರು ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು.

ಗಾಳಿಗೆ ಏನು ಗೊತ್ತು? ಆ ಬೇಸಗೆಯೇ ಅವನ ಹೊಲಕ್ಕೆ ನುಗ್ಗಿತು. ಹನ್ನೆರಡು ವರ್ಷ ಕೂಡಿಸಿದ ಕಪ್ಪು ಮಣ್ಣು ಧೂಳಾಗಿ ನಮ್ಮ ಅಂಗಳದಲ್ಲಿ, ನಮ್ಮ ಕಿಟಕಿಯ ಕಟ್ಟೆಯ ಮೇಲೆ ಬಂದು ಕೂತಿತು. ನಾನು ದಿನಾ ಅದನ್ನು ಗುಡಿಸಿದೆ. ಹಳ್ಳದ ತಳದಿಂದ ಬುಟ್ಟಿಯಲ್ಲಿ ಮಣ್ಣು ತುಂಬಿ ತಲೆಯ ಮೇಲೆ ಹೊತ್ತು ಅವನು ಹೊಲಕ್ಕೆ ಹಾಕುತ್ತಿದ್ದ. ಪ್ರತಿ ಒಣಗಾಲದಲ್ಲೂ, ಬೆನ್ನು ಬಾಗುವ ತನಕ. ಮತ್ತೆ ಸಸಿ ಯಾಕೆ ನೆಡುವುದಿಲ್ಲ ಎಂದು ಯಾರಾದರೂ ಕೇಳಿದರೆ, ಬೇಡ, ಮನೆ ಕಾಣಬೇಕು ಎನ್ನುತ್ತಿದ್ದ. ಆ ಮಾತು ಕೇಳಿದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ.

ಮಗುವನ್ನು ಆ ಹಸುವಿನ ಹಾಲಿನಲ್ಲೇ ಸಾಕಿದ. ಆದರೆ ಅವಳನ್ನು ಬೇಲಿಯ ಒಳಗೆ ಇಟ್ಟುಕೊಳ್ಳಲಿಲ್ಲ. ನಡೆಯಲು ಬಂದ ಮೇಲೆ ತಾನೇ ಕೈ ಹಿಡಿದು ಕರೆತಂದು ನಮ್ಮ ಅಂಗಳದಲ್ಲಿ ಬಿಟ್ಟ. ದೊಡ್ಡಮ್ಮ ಅನ್ನು ಎಂದು ಹೇಳಿಕೊಟ್ಟ. ಹುಡುಗಿ ತಾಯಿಯ ಬಾಯನ್ನೇ ಹೊತ್ತು ತಂದಿದ್ದಳು. ಒಂಬತ್ತು ಮನೆಯಲ್ಲೂ ಅವಳದ್ದೇ ಮಾತು, ಅವಳದ್ದೇ ಓಡಾಟ. ದಿನಕ್ಕೆ ಹತ್ತು ಸಲ ದೊಡ್ಡಮ್ಮ ಎನ್ನುವಳು. ಹತ್ತು ಸಲವೂ ನನಗೆ ಸೂಜಿಯಲ್ಲಿ ಚುಚ್ಚಿದಂತಾಗುತ್ತಿತ್ತು. ಮುಂದೆ ಗುಡ್ಡದಲ್ಲೇ, ಮೇಲಿನ ಮನೆಗೆ ಮದುವೆಯಾಗಿ ಹೋದಳು. ಅವಳ ಮೊದಲ ಹೆರಿಗೆಯನ್ನೂ ನಾನೇ ಮಾಡಿಸಿದೆ. ಅವನು ಹಿಂದಿನ ದಿನವೇ ಬಂದು ಆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಮಗು ಅತ್ತದ್ದು ಕೇಳಿದ ಮೇಲೆ ಎದ್ದು, ಒಳಗೂ ಬಾರದೆ ಹೋದ.

ಅವನಲ್ಲಿ ಇನ್ನೊಂದು ಬದಲಾವಣೆಯಾಗಿತ್ತು. ಯಾವ ಮನೆಯಲ್ಲಿ ಬಟ್ಟೆ ಏರಿದರೂ ಎಲ್ಲರಿಗಿಂತ ಮೊದಲು ಅಲ್ಲಿರುತ್ತಿದ್ದವನು ಅವನು. ಒಂದು ಗುಟುಕು ನೀರೂ ಕುಡಿಯದೆ ಕೆಲಸ ಮುಗಿಸಿ ಹೋಗುವನು. ಅವನ ಮನೆಗೆ ಮುಯ್ಯಿ ತೀರಿಸಲು ಮಾತ್ರ ಯಾರನ್ನೂ ಬಿಡಲಿಲ್ಲ. ಅಷ್ಟೇ ಆಗಿದ್ದರೆ ಸರಿ. ಗಳಕ್ಕೆ ಕಟ್ಟಿದ್ದು ಯಾವುದು, ಒಣಗಲು ಹಾಕಿದ್ದು ಯಾವುದು ಎಂದು ಅವನು ನೋಡುತ್ತಲೇ ಇರಲಿಲ್ಲ. ಯಾರ ಮಾಡಿನ ಮೇಲೆ ಒಂದು ದುಪ್ಪಟಿ ಕಂಡರೂ ಹಳ್ಳ ಹಾರಿ, ಬೇಲಿ ಹಾರಿ, ಏದುಸಿರು ಬಿಡುತ್ತ ಬಂದು ನಿಲ್ಲುವನು. ಬಟ್ಟೆ ಒಣಗಿಸಿದ್ದು ಎಂದರೆ, ಆಗಲಿ, ನೋಡಿ ಹೋಗೋಣ ಅಂತ ಬಂದೆ ಎಂದು ಹಿಂದಿರುಗುವನು. ಮೊದಮೊದಲು ಜನ ನಕ್ಕರು. ಆಮೇಲೆ ಯಾರಿಗೂ ನಗು ಬರಲಿಲ್ಲ. ಗುಡ್ಡದ ಹೆಂಗಸರೆಲ್ಲ ಒಗೆದ ಬಟ್ಟೆಯನ್ನು ಬೇಲಿಯ ಕೆಳಗೆ, ಅವನ ಕಣ್ಣಿಗೆ ಬೀಳದ ಹಾಗೆ ಹರವಲು ಶುರು ಮಾಡಿದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ಹೋದ ವರ್ಷ ನಮ್ಮ ಮನೆಗೆ ಕಿರಿಯ ಸೊಸೆ ಬಂದಳು. ಪಟ್ಟಣದವಳು, ಅವಳಿಗೇನು ಗೊತ್ತು? ಒಳ್ಳೆಯ ಬಿಸಿಲಿದೆ ಎಂದು ಮದುವೆಯ ಹಾಸಿಗೆ ಹೊದಿಕೆಯನ್ನು ಒಗೆದು ಗಳಕ್ಕೇ ಏರಿಸಿಬಿಟ್ಟಿದ್ದಳು. ನಾನು ನೋಡುವಷ್ಟರಲ್ಲಿ ಅವನು ಹಳ್ಳದ ಏರು ಹತ್ತುತ್ತಿದ್ದ. ಅರವತ್ತು ದಾಟಿದ ಜೀವ. ಎರಡು ಕಡೆ ಎಡವಿದ. ಕೈಯಲ್ಲಿ ಒಂದು ಹಗ್ಗ. ಬಂದವನೇ ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತ. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು, ಮುಖ ಬಿಳಿಚಿತ್ತು. ಸೊಸೆ ಹೆದರಿ ಒಳಗೆ ಓಡಿದಳು. ನಾನು ನೀರು ಕೊಟ್ಟೆ. ಮೊದಲ ಸಲ ನಮ್ಮ ಮನೆಯ ನೀರನ್ನು ಕುಡಿದ.

ಇವನು ಹೀಗೇ ಓಡಿ ಓಡಿ ಒಂದು ದಿನ ಯಾರದೋ ಅಂಗಳದಲ್ಲಿ ಸಾಯುತ್ತಾನೆ, ನನ್ನ ಸುಳ್ಳನ್ನು ನಂಬಿಕೊಂಡೇ ಸಾಯುತ್ತಾನೆ ಎನ್ನಿಸಿತು. ಇನ್ನು ತಡೆದುಕೊಳ್ಳಲಾಗಲಿಲ್ಲ. ಅವನ ಪಕ್ಕದಲ್ಲಿ ಕೂತೆ.

"ಅವತ್ತು ಕಂಬಳಿ ಕಾಣಿಸಿತ್ತು ಕಣಪ್ಪ," ಎಂದೆ. "ಹದಿನಾಲ್ಕು ಜನ ನೋಡಿದ್ವಿ. ಮೈದುನ ಹೋಗ್ತೀನಿ ಅಂದ. ಬೇಡ ಅಂದೋಳು ನಾನೇ. ಮರ ಅಡ್ಡ ಇರ್ಲಿಲ್ಲ."

ಅವನು ಲೋಟವನ್ನು ಕೆಳಗಿಟ್ಟ. ನಾನು ಬೈಗುಳಕ್ಕೆ ಕಾದೆ. ಹೊಡೆದರೂ ಹೊಡೆಸಿಕೊಳ್ಳಲು ತಯಾರಿದ್ದೆ.

"ಗೊತ್ತು ಅಕ್ಕ," ಎಂದ. "ಮಣ್ಣು ಮಾಡಿದ ಎರಡನೇ ದಿನ ನೀವೆಲ್ಲ ಹೊಲದಲ್ಲಿದ್ದಾಗ ನಿಮ್ಮ ಕಣಕ್ಕೆ ಬಂದು ನಿಂತು ನೋಡಿದ್ದೆ. ಕಂಬಳಿ ಇನ್ನೂ ಏಣಿ ಮೇಲೇ ಇತ್ತು. ಚೆನ್ನಾಗೇ ಕಾಣ್ತಿತ್ತು."

ಗೊತ್ತಿದ್ದೂ ಮರ ಯಾಕೆ ಕಡಿದೆ ಎಂದು ಹೇಗೋ ಕೇಳಿದೆ.

"ಕಂಡೂ ಹದಿನಾಲ್ಕು ಜನ ಬರಲಿಲ್ಲ ಅಂತ ಗೊತ್ತಾಗಿದ್ರೆ ನನ್ನ ಮಗಳು ನಿಮ್ಮನ್ನ ದೊಡ್ಡಮ್ಮ ಅಂತ ಹೇಗೆ ಕರೀತಿದ್ಲು?" ಎಂದ. "ನಮ್ಮೋರು ಅನ್ನೋರ ಮನೆ ಒಂದೂ ಇಲ್ಲದೆ ಬೆಳೆಯೋದು ಹೇಗಿರುತ್ತೆ ಅಂತ ನಂಗೆ ಗೊತ್ತು. ಅವಳು ಹಾಗೆ ಬೆಳೀಬಾರದಾಗಿತ್ತು. ಮರ ಅಡ್ಡ ಇತ್ತು ಅಂತ ನೀವು ಅಂದ್ರಿ. ಮರ ಹಾಗೇ ನಿಂತಿದ್ರೆ, ಅವಳು ದೊಡ್ಡವಳಾದ ಮೇಲೆ ನಿಮ್ಮ ಕಣದಲ್ಲಿ ನಿಂತು, ಅವು ಅಡ್ಡ ಬರಲ್ಲ ಅಂತ ನೋಡಿಬಿಡ್ತಿದ್ಲು, ನಾನು ನೋಡಿದ ಹಾಗೆ."

ಇಪ್ಪತ್ಮೂರು ವರ್ಷ. ಮಣ್ಣು ಹೋಯಿತು, ಬೆಳೆ ಅರ್ಧವಾಯಿತು, ಬೆನ್ನು ಬಾಗಿತು. ನಮ್ಮ ಹದಿನಾಲ್ಕು ಜನರ ತಪ್ಪನ್ನೂ ಆ ಮಣ್ಣಿನ ಬುಟ್ಟಿಯ ಜೊತೆಗೆ ಅವನೊಬ್ಬನೇ ಹೊತ್ತಿದ್ದ. ಅದಕ್ಕೂ ಯಾರನ್ನೂ ಕರೆದಿರಲಿಲ್ಲ. ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಏಳಿ ಅಕ್ಕ, ಸೊಸೆ ನೋಡ್ತಾಳೆ," ಎಂದ.

ಹಗ್ಗ ಎತ್ತಿಕೊಂಡು, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಬಂದ ದಾರಿಯಲ್ಲೇ ನಿಧಾನವಾಗಿ ಇಳಿದು ಹೋದ. ನಾನು ಮೆಟ್ಟಿಲ ಮೇಲೆಯೇ ಕೂತಿದ್ದೆ. ಸೊಸೆ ಬಂದು, ಯಾರತ್ತೆ ಅವರು, ಏನಾಗಬೇಕು ನಮಗೆ ಎಂದು ಕೇಳಿದಳು. ನಾನು ಎದ್ದು ಹೋಗಿ ಗಳದಿಂದ ಹೊದಿಕೆಯನ್ನು ಇಳಿಸಿದೆ.